ಸ್ತಬ್ಧವಾಗುವ ಗಣಕಯಂತ್ರ: ರಿಪೇರಿಗೆ ಮುನ್ನ ಗ್ರಾಫಿಕ್ಸ್ ಡ್ರೈವರ್ ಪರೀಕ್ಷೆ

ಬಿಲ್ ತಯಾರಿಕೆ, ದಾಸ್ತಾನು ಲೆಕ್ಕ, ಜಿಎಸ್‌ಟಿ ವಿವರ ಸಲ್ಲಿಕೆ, ಯಂತ್ರಭಾಗಗಳ ನಕ್ಷೆ ರಚನೆ ಇವೆಲ್ಲವೂ ಗಣಕಯಂತ್ರವನ್ನೇ ಅವಲಂಬಿಸಿರುವ ಸಣ್ಣ ಉದ್ದಿಮೆಯಲ್ಲಿ ಪರದೆಯು ಪದೇ ಪದೇ ಸ್ತಬ್ಧವಾದರೆ ವಹಿವಾಟೇ ನಿಂತುಹೋಗುತ್ತದೆ. ಇಂತಹ ಸಂದರ್ಭದಲ್ಲಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ಅಥವಾ ಮದರ್‌ಬೋರ್ಡ್ ಬದಲಿಸುವುದು ಸಾಮಾನ್ಯ ಪರಿಪಾಠ. ಮೊದಲನೆಯದರಿಂದ ಬ್ಯಾಕಪ್ ಇಲ್ಲದ ಲೆಕ್ಕಪತ್ರಗಳು ಅಳಿಸಿಹೋಗುವ ಅಪಾಯವಿದೆ, ಎರಡನೆಯದು ದುಬಾರಿ. ದೋಷವು ಗ್ರಾಫಿಕ್ಸ್ ಡ್ರೈವರ್‌ನಲ್ಲಿದ್ದರೆ ಈ ಎರಡೂ ಅನಗತ್ಯ.

ಡ್ರೈವರ್‌ನ ಕಾರ್ಯ

ವಿಂಡೋಸ್ ಮತ್ತು ಗ್ರಾಫಿಕ್ಸ್ ಯಂತ್ರಾಂಶದ ನಡುವೆ ಮಧ್ಯವರ್ತಿಯಾಗಿ ಕೆಲಸ ಮಾಡುವ ತಂತ್ರಾಂಶವೇ ಗ್ರಾಫಿಕ್ಸ್ ಡ್ರೈವರ್. ಇದರ ದೋಷ ಎಷ್ಟು ವ್ಯಾಪಕವಾಗಿರಬಲ್ಲದು ಎಂಬುದಕ್ಕೆ ವಿಸ್ಟಾ ಆವೃತ್ತಿಯೇ ನಿದರ್ಶನ. ಅಮೆರಿಕದ ನ್ಯಾಯಾಲಯದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಬಹಿರಂಗವಾದ ಮೈಕ್ರೋಸಾಫ್ಟ್ ದಾಖಲೆಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ಟಾ ಕುಸಿತಗಳಲ್ಲಿ ಶೇ. 28ಕ್ಕೂ ಹೆಚ್ಚಿನವಕ್ಕೆ ಎನ್‌ವಿಡಿಯಾ ಡ್ರೈವರ್‌ಗಳು ಕಾರಣವಾಗಿದ್ದವು.

ವಿಸ್ಟಾದಿಂದ ಮೊದಲ್ಗೊಂಡು ವಿಂಡೋಸ್‌ನಲ್ಲಿ ಒಂದು ರಕ್ಷಣಾ ವ್ಯವಸ್ಥೆಯಿದೆ. ಗ್ರಾಫಿಕ್ಸ್ ಯಂತ್ರಾಂಶವು ಸುಮಾರು 2 ಸೆಕೆಂಡುಗಳವರೆಗೆ ಪ್ರತಿಕ್ರಿಯಿಸದಿದ್ದರೆ ವಿಂಡೋಸ್ ಅದನ್ನೂ ಡ್ರೈವರನ್ನೂ ಮರುಚಾಲನೆಗೊಳಿಸುತ್ತದೆ. ಆಗ ಪರದೆ ಕ್ಷಣಕಾಲ ಕಪ್ಪಾಗಿ ಮರಳಿ ಬರುತ್ತದೆ. ಒಂದು ನಿಮಿಷದಲ್ಲಿ 5ಕ್ಕಿಂತ ಹೆಚ್ಚು ಬಾರಿ ಹೀಗಾದರೆ ನೀಲಿ ಪರದೆ ಕಾಣಿಸಿಕೊಂಡು ಯಂತ್ರ ನಿಲ್ಲುತ್ತದೆ.

ಪರೀಕ್ಷೆಯ ಕ್ರಮ

ಮೊದಲಿಗೆ ಲೆಕ್ಕಪತ್ರಗಳ ಬ್ಯಾಕಪ್ ತೆಗೆದು ಪೆನ್ ಡ್ರೈವ್‌ನಲ್ಲಿ ಪ್ರತ್ಯೇಕವಾಗಿ ಇರಿಸಿಕೊಳ್ಳತಕ್ಕದ್ದು. ಅನಂತರ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರಿಣಾಮವನ್ನು ಗಮನಿಸಬೇಕು.

1. ಪರದೆ ಸ್ತಬ್ಧವಾದಾಗ ಕೀಲಿಮಣೆಯ ನಮ್ ಲಾಕ್ ಒತ್ತಬೇಕು. ಅದರ ದೀಪ ಹೊತ್ತಿ ಆರಿದರೆ ಯಂತ್ರ ಪೂರ್ಣವಾಗಿ ನಿಂತಿಲ್ಲವೆಂದು ಭಾವಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಚಾಲನೆಗೊಳ್ಳುತ್ತದೆ. ಉಳಿಸದಿದ್ದ ಕೆಲಸವನ್ನು ಉಳಿಸಲು ಅವಕಾಶ ದೊರೆಯಬಹುದು.

2. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಸ್ತಬ್ಧವಾದ ವೇಳೆಯ ನಮೂದುಗಳನ್ನು ನೋಡಬೇಕು. ‘ಡಿಸ್‌ಪ್ಲೇ’ ಮೂಲದ 4101 ಸಂಖ್ಯೆಯ ನಮೂದು ಇದ್ದರೆ ಗ್ರಾಫಿಕ್ಸ್ ವಿಭಾಗದ ಮೇಲೆ ಸಂಶಯ ಬಲಗೊಳ್ಳುತ್ತದೆ.

3. ಡ್ರೈವರ್ ನವೀಕರಣದ ನಂತರ ತೊಂದರೆ ಆರಂಭವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್‌ನಲ್ಲಿ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಆಯ್ಕೆಯಿಂದ ಹಿಂದಿನ ಆವೃತ್ತಿಗೆ ಮರಳಬಹುದು. ಆ ಗುಂಡಿ ಮಸುಕಾಗಿದ್ದರೆ ಹಳೆಯ ಆವೃತ್ತಿ ಯಂತ್ರದಲ್ಲಿ ಉಳಿದಿಲ್ಲವೆಂದರ್ಥ.

4. ಇದು ಸಾಧ್ಯವಾಗದಿದ್ದಲ್ಲಿ, ಯಂತ್ರ ತಯಾರಕರ ಅಧಿಕೃತ ಜಾಲತಾಣದಿಂದ ಆ ಮಾದರಿಗೆ ಸೂಕ್ತವಾದ ಡ್ರೈವರನ್ನು ಮುಂಚಿತವಾಗಿ ಪಡೆದುಕೊಳ್ಳಬೇಕು. ಇಂಟರ್‌ನೆಟ್ ಸಂಪರ್ಕ ತಪ್ಪಿಸಿ, ಹಳೆಯದನ್ನು ತೆಗೆದು, ಯಂತ್ರವನ್ನು ಮರುಪ್ರಾರಂಭಿಸಿ ಹೊಸದನ್ನು ಸ್ಥಾಪಿಸಬೇಕು. ಸಂಪರ್ಕವಿದ್ದರೆ ವಿಂಡೋಸ್ ತಾನಾಗಿಯೇ ಬೇರೆ ಆವೃತ್ತಿಯನ್ನು ಸ್ಥಾಪಿಸಿಬಿಡುವ ಸಂಭವವಿದೆ.

5. ನಕ್ಷೆ ತಂತ್ರಾಂಶ ಅಥವಾ ಬ್ರೌಸರ್ ಬಳಸುವಾಗ ಮಾತ್ರ ತೊಂದರೆ ಕಾಣಿಸಿದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಷನ್’ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬಹುದು.

ಎಲ್ಲ ದೋಷವೂ ಡ್ರೈವರ್‌ನದಲ್ಲ

ಎರಡು ಬೇರೆ ಬೇರೆ ಆವೃತ್ತಿಗಳಲ್ಲಿಯೂ ತೊಂದರೆ ಮುಂದುವರಿದರೆ ಯಂತ್ರಾಂಶದತ್ತ ಗಮನ ಹರಿಸಬೇಕು. ಕಾರ್ಖಾನೆಯ ಧೂಳಿನಿಂದ ಫ್ಯಾನ್ ಕಟ್ಟಿಕೊಂಡು ಉಷ್ಣತೆ ಏರುವುದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ದುರ್ಬಲವಾಗಿರುವುದು, ಮೆಮೊರಿಯ ದೋಷ ಇವೂ ಇದೇ ಲಕ್ಷಣಗಳನ್ನು ತೋರಬಲ್ಲವು. ಆಗ ತಂತ್ರಜ್ಞರ ನೆರವು ಅಗತ್ಯ; ಆದರೆ ಮಾಡಿದ ಪರೀಕ್ಷೆಗಳ ಪಟ್ಟಿ ಕೈಯಲ್ಲಿದ್ದರೆ ಅನವಶ್ಯಕ ಬಿಡಿಭಾಗಗಳ ಖರೀದಿ ತಪ್ಪುತ್ತದೆ.

ಪ್ರತಿ ಗಣಕಯಂತ್ರಕ್ಕೂ ಒಂದು ಪುಸ್ತಕವಿಟ್ಟು, ನವೀಕರಣದ ದಿನಾಂಕ, ಡ್ರೈವರ್ ಆವೃತ್ತಿ ಹಾಗೂ ಸ್ತಬ್ಧವಾದ ವೇಳೆಯನ್ನು ನಮೂದಿಸುವುದು ಉತ್ತಮ. ಸರಿಯಾಗಿ ನಡೆಯುತ್ತಿರುವ ಡ್ರೈವರನ್ನು ವಿವರ ಸಲ್ಲಿಕೆಯ ಕೊನೆಯ ದಿನಗಳಲ್ಲಿ ಬದಲಿಸದಿರುವುದು ಲೇಸು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಯಂತ್ರಗಳಿಗೆ ಹೊಂದುವ ಡ್ರೈವರ್‌ನ ಪ್ರತಿಯನ್ನು ಲೆಕ್ಕಪತ್ರಗಳ ಬ್ಯಾಕಪ್‌ನೊಂದಿಗೇ ಜೋಪಾನವಾಗಿಡುವುದು ವಿವೇಕದ ಕ್ರಮ.