ಮೋಟಾರ್ ಸೈಕಲ್ಲಿನ ಜಗ್ಗಾಟ: ಕಾರಣವೂ ಪರಿಹಾರವೂ

ನಿಂತ ಗೂಡ್ಸ್ ರೈಲು ಹೊರಡುವಾಗ ‘ಟಣ್ ಟಣ್’ ಎಂಬ ಸದ್ದು ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಸಾಗುವುದನ್ನು ವಾಚಕರು ಕೇಳಿರಬಹುದು. ಕೊಂಡಿಗಳ ಸಡಿಲವು ಒಂದೊಂದಾಗಿ ಮುಗಿದು ಡಬ್ಬಿಗಳು ಎಳೆತಕ್ಕೆ ಸಿಕ್ಕುವುದೇ ಅದರ ಕಾರಣ. ಮೋಟಾರ್ ಸೈಕಲ್ಲನ್ನು ನಿಧಾನವಾಗಿ ನಡೆಸುವಾಗ, ಆಕ್ಸಿಲರೇಟರನ್ನು ಮುಚ್ಚಿ ಮತ್ತೆ ತೆರೆದೊಡನೆ ವಾಹನವು ಮುಂದಕ್ಕೆ ಜಗ್ಗುವುದೂ ಇಂಥದೇ ವಿದ್ಯಮಾನ. ಒದ್ದೆ ರಸ್ತೆಯ ತಿರುವಿನಲ್ಲಿ ಈ ಜಗ್ಗು ಹಿಂಚಕ್ರದ ಹಿಡಿತವನ್ನೇ ತಪ್ಪಿಸಬಲ್ಲದು. ಆದುದರಿಂದ ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ.

ಸಡಿಲವು ಎಲ್ಲಿದೆ?

ಎಂಜಿನ್ನಿನ ಶಕ್ತಿಯು ಗೇರುಗಳು, ಸರಪಣಿ, ಹಲ್ಲುಚಕ್ರ ಇವುಗಳ ಮೂಲಕ ಹಿಂಚಕ್ರವನ್ನು ಮುಟ್ಟುತ್ತದೆ. ಇವುಗಳ ನಡುವೆ ಅಲ್ಲಲ್ಲಿ ಕಿರಿದಾದ ಎಡೆಗಳುಂಟು. ಆಕ್ಸಿಲರೇಟರನ್ನು ಮುಚ್ಚಿದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಹಲ್ಲುಗಳು ಒಂದು ಮಗ್ಗುಲಿಗೆ ಒತ್ತಿಕೊಂಡಿರುತ್ತವೆ. ತೆರೆದಾಗ ಎಂಜಿನ್ನು ಎಡೆಗಳನ್ನೆಲ್ಲ ದಾಟಿ ಇನ್ನೊಂದು ಮಗ್ಗುಲಿಗೆ ತಗುಲಬೇಕು. ದಾಟುವ ಕ್ಷಣದಲ್ಲಿ ಅದಕ್ಕೆ ಹೊರೆಯಿಲ್ಲ. ವೇಗವು ಥಟ್ಟನೆ ಏರಿ, ತಗುಲಿದಾಗ ಸುತ್ತಿಗೆಯ ಏಟಿನಂತಾಗುತ್ತದೆ.

ಚಕ್ರವು ಒಂದು ಸುತ್ತು ತಿರುಗಲು ಎಂಜಿನ್ನು ಮೊದಲನೆಯ ಗೇರಿನಲ್ಲಿ 18 ಸುತ್ತು, ಮೇಲಿನ ಗೇರಿನಲ್ಲಿ 6 ಸುತ್ತು ತಿರುಗುವುದೆಂದು ಭಾವಿಸೋಣ. ಚಕ್ರದಲ್ಲಿ 2 ಡಿಗ್ರಿ ಸಡಿಲವಿದ್ದರೆ ಎಂಜಿನ್ನು ಮೊದಲನೆಯದರಲ್ಲಿ 36 ಡಿಗ್ರಿ, ಎರಡನೆಯದರಲ್ಲಿ 12 ಡಿಗ್ರಿ ಹೊರೆಯಿಲ್ಲದೆ ತಿರುಗುತ್ತದೆ. ಕೆಳಗಿನ ಗೇರಿನಲ್ಲಿ ಜಗ್ಗು ಹೆಚ್ಚೆನಿಸುವುದು ಇದರಿಂದಲೇ.

ಸರಪಣಿ ಹಿಗ್ಗುವುದೇ?

ಇಂದಿನ ಉರುಳೆ ಸರಪಣಿಯ ಮೂಲರೂಪವನ್ನು ಹ್ಯಾನ್ಸ್ ರೆನೋಲ್ಡನು 1880ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದನು. ಸರಪಣಿ ಹಿಗ್ಗಿತೆಂದು ನಾವು ಹೇಳುವುದುಂಟು. ಆದರೆ ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ, ಕೀಲುಗಳು ಸವೆದಿರುತ್ತವೆ. ನೂರು ಕೀಲುಗಳಲ್ಲಿ ಪ್ರತಿಯೊಂದೂ 0.1 ಮಿ.ಮೀ. ಸವೆದರೆ ಸರಪಣಿಯು 10 ಮಿ.ಮೀ. ಉದ್ದವಾಗುತ್ತದೆ. ಶುಚಿಯಾಗಿಟ್ಟು ಎಣ್ಣೆ ಹಾಕುವುದೇ ಇದಕ್ಕೆ ಮೊದಲ ಮದ್ದು.

ಹಾಗೆಂದು ಸರಪಣಿಯನ್ನು ತಂತಿಯಂತೆ ಬಿಗಿಯಬಾರದು. ರಸ್ತೆಯ ಉಬ್ಬುತಗ್ಗುಗಳಲ್ಲಿ ಹಿಂಚಕ್ರವನ್ನು ಹೊತ್ತ ತೋಳು ಮೇಲೆ ಕೆಳಗೆ ಆಡುವಾಗ ಎರಡು ಹಲ್ಲುಚಕ್ರಗಳ ನಡುವಣ ದೂರವು ಬದಲಾಗುತ್ತದೆ. ಸಡಿಲವೇ ಇಲ್ಲದಿದ್ದರೆ ಸರಪಣಿಗೂ ಬೇರಿಂಗುಗಳಿಗೂ ಹಾನಿ ತಪ್ಪದು. ಆದುದರಿಂದ ತಯಾರಕರ ಕೈಪಿಡಿಯು ಹೇಳಿದಷ್ಟು ಸಡಿಲವನ್ನು ಉಳಿಸಲೇಬೇಕು. ಸವೆತವು ಎಲ್ಲೆಡೆಯೂ ಸಮನಾಗಿರದ ಕಾರಣ ಚಕ್ರವನ್ನು ತಿರುಗಿಸುತ್ತ ಹಲವೆಡೆ ಅಳೆದು, ಅತಿ ಬಿಗಿಯಾದ ಸ್ಥಳವನ್ನು ಆಧಾರವಾಗಿಟ್ಟುಕೊಳ್ಳಬೇಕು.

ಇತರ ಪರಿಹಾರಗಳು

ಬುಲೆಟ್ ಮೊದಲಾದ ವಾಹನಗಳಲ್ಲಿ ಹಿಂಚಕ್ರದ ಗುಂಬದೊಳಗೆ ರಬ್ಬರು ತುಂಡುಗಳಿದ್ದು ಏಟನ್ನು ಮೃದುಗೊಳಿಸುತ್ತವೆ. ಅವು ಸವೆದಿದ್ದರೆ ಬದಲಿಸಬೇಕು. ಆಕ್ಸಿಲರೇಟರಿನ ಕೇಬಲ್ಲಿನಲ್ಲಿಯೂ ಕೆಲವು ಮಿಲಿಮೀಟರು ಸಡಿಲ ಸಾಕು. ಅದು ಹೆಚ್ಚಾದರೆ ಕೈಗೆ ಅಂದಾಜು ಸಿಗದು. ತೀರ ಇಲ್ಲವಾದರೆ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ನಿನ ವೇಗ ತಾನೇ ಏರಬಹುದು.

ಭಾರತದಲ್ಲಿ 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದಂದಿನಿಂದ ಹೊಸ ವಾಹನಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಜೆಕ್ಷನ್ ವ್ಯವಸ್ಥೆಯು ಪಡೆದಿದೆ. ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿದರೆ ಇದು ಸಾಮಾನ್ಯವಾಗಿ ಇಂಧನವನ್ನೇ ನಿಲ್ಲಿಸುತ್ತದೆ. ಮತ್ತೆ ತೆರೆದಾಗ ದಹನವು ಒಮ್ಮೆಲೇ ಆರಂಭವಾಗಿ, ಸಡಿಲದ ಏಟಿನೊಡನೆ ಸೇರುತ್ತದೆ. ಇಲ್ಲಿ ಸವಾರನ ಕೈಯೇ ಮದ್ದು: ಮೊದಲು ಕೂದಲೆಳೆಯಷ್ಟು ತೆರೆದು, ಸಡಿಲ ಮುಗಿದ ಮೇಲೆ ಬೇಕಾದಷ್ಟು ತೆರೆಯಬೇಕು. ತೀರ ನಿಧಾನದಲ್ಲಿ ಕ್ಲಚ್ಚಿನ ನೆರವೂ ಉಂಟು.

ಅಳೆದು ನೋಡೋಣ

ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ಗೇರಿನಲ್ಲಿಡಿ. ಹಿಂಚಕ್ರವನ್ನು ಕೈಯಿಂದ ಮೆಲ್ಲನೆ ಹಿಂದೆ ಮುಂದೆ ಆಡಿಸಿ, ಟೈರಿನ ಅಂಚು ಎಷ್ಟು ಚಲಿಸುವುದೆಂದು ಅಳೆಯಿರಿ. ಟೈರಿನ ವ್ಯಾಸವು 60 ಸೆಂ.ಮೀ. ಇದ್ದರೆ 5 ಮಿ.ಮೀ. ಚಲನೆಯು ಸುಮಾರು 1 ಡಿಗ್ರಿಗೆ ಸಮ. ಸರಪಣಿಯನ್ನು ಸರಿಪಡಿಸುವ ಮೊದಲೊಮ್ಮೆ, ಅನಂತರವೊಮ್ಮೆ ಅಳೆದರೆ, ಒಟ್ಟು ಸಡಿಲದಲ್ಲಿ ಸರಪಣಿಯ ಪಾಲೆಷ್ಟೆಂಬುದು ತಿಳಿಯುತ್ತದೆ. ಉಳಿದದ್ದರ ಬಹುಪಾಲು ಗೇರುಪೆಟ್ಟಿಗೆ, ರಬ್ಬರುಗಳದು. ಗೇರುಗಳು ಸರಾಗವಾಗಿ ಸೇರಲು ಸ್ವಲ್ಪ ಎಡೆ ಬೇಕೇ ಬೇಕು. ಅದನ್ನು ಹಾಗೆಯೇ ಬಿಡಬೇಕು.