ರಹಸ್ಯಚಿತ್ರದ ಮೊದಲ ಎರಡು ನಿಮಿಷಗಳು

ಯಾವ ಕಥೆಯೇ ಆಗಲಿ, ಅದರ ಆರಂಭವೆಂಬುದು ಹೇಳುವವನು ಕೇಳುವವನಿಗೆ ಕೊಡುವ ಒಂದು ಮಾತು. ಮುಂದೆ ನಗಿಸುವೆನೋ, ಅಳಿಸುವೆನೋ, ಅಂಜಿಸುವೆನೋ ಎಂಬುದನ್ನು ಅವನು ಮೊದಲಲ್ಲಿಯೇ ಸೂಚಿಸಬೇಕಾಗುತ್ತದೆ. ಚಲಚ್ಚಿತ್ರಕ್ಕೂ ಈ ನಿಯಮ ತಪ್ಪಿದ್ದಲ್ಲ. ಒಂದು ಕಾಲಕ್ಕೆ ಚಿತ್ರ ತೆಗೆಯುವುದೆಂದರೆ ಕೊಲ್ಹಾಪುರ, ಪುಣೆಗಳಂಥ ಊರುಗಳ ಸ್ಟುಡಿಯೋಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಇಂದು ಮನೆಯ ಮೊಬೈಲ್ ಫೋನೇ ಕ್ಯಾಮರಾ ಆಗಿದೆ. ಆದುದರಿಂದ ಜತ್ತ ತಾಲೂಕಿನ ಕನ್ನಡ ಶಾಲೆಯ ವಿದ್ಯಾರ್ಥಿಗಳು ತಾವೂ ಒಂದು ರಹಸ್ಯಚಿತ್ರವನ್ನು ತೆಗೆಯಬೇಕೆಂದು ಬಯಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಗ್ಲೆಂಡಿನಲ್ಲಿ ಮಾಧ್ಯಮವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ, ಹೊಸ ಕಥಾಚಿತ್ರವೊಂದರ ಆರಂಭವನ್ನು ಶೀರ್ಷಿಕೆಗಳ ಸಹಿತವಾಗಿ ಎರಡು ನಿಮಿಷ ಮೀರದಂತೆ ರಚಿಸುವುದು ಹಲವು ವರ್ಷ ಪರೀಕ್ಷೆಯ ಒಂದು ಭಾಗವೇ ಆಗಿದ್ದಿತು. ಅದೇ ಅಭ್ಯಾಸವನ್ನು ನಮ್ಮ ಊರಿನಲ್ಲಿ, ನಮ್ಮ ಬಿಸಿಲಿನಲ್ಲಿ ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ರೂಢಿ ಎಂದರೇನು?

ಪ್ರತಿಯೊಂದು ಕಥಾಪ್ರಕಾರಕ್ಕೂ ತನ್ನವೇ ಆದ ರೂಢಿಗಳಿರುತ್ತವೆ. ನಮ್ಮ ದೊಡ್ಡಾಟವನ್ನೇ ನೋಡಿರಿ. ವೇಷಧಾರಿಯು ರಂಗಕ್ಕೆ ಬಂದೊಡನೆ ಸಾರಥಿಯು ಅವನನ್ನು ಯಾರೆಂದು ಕೇಳುತ್ತಾನೆ. ವೇಷಧಾರಿಯು ತನ್ನ ಹೆಸರು, ಕುಲ, ಪರಾಕ್ರಮಗಳನ್ನು ಹೇಳಿಕೊಳ್ಳುತ್ತಾನೆ. ಇದು ಆಟದ ರೂಢಿ. ನೋಡಲು ಕುಳಿತ ಮುದುಕರಿಗೂ ಮಕ್ಕಳಿಗೂ ಇದು ಗೊತ್ತು. ರಹಸ್ಯಕಥೆಯ ರೂಢಿಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಅಲ್ಲಿ ಯಾರೋ ಬರುತ್ತಾರೆ, ಯಾರೆಂದು ಹೇಳುವುದಿಲ್ಲ. ಸಾರಥಿಯ ಪ್ರಶ್ನೆಯನ್ನು ಇಲ್ಲಿ ಪ್ರೇಕ್ಷಕನೇ ತನ್ನ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಉತ್ತರವು ಕಥೆಯ ಕೊನೆಗೆ ದೊರೆಯಬೇಕು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೂ ಮರಾಠಿಯಲ್ಲಿ ಬಾಬುರಾವ ಅರ್ನಾಳಕರರ ರಹಸ್ಯಕಥೆಗಳನ್ನೂ ಓದಿದ ಹಿರಿಯರಿಗೆ ಈ ಬಿಗಿ ಎಂಥದೆಂಬುದು ತಿಳಿದೇ ಇದೆ.

ರೂಢಿಯನ್ನು ಎರವಲು ಪಡೆಯುವುದು ತಪ್ಪಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದಾಗ, ಅವರಿಗೆ ಪ್ರೇರಣೆಯಾದುದು ಕನ್ನಡ ನಾಡಿನಿಂದ ಬಂದ ಭಾಗವತರ ಆಟವೇ. ಆದರೆ ಅವರು ಅದನ್ನು ಇದ್ದಂತೆಯೇ ಎತ್ತಿಡಲಿಲ್ಲ. ತಮ್ಮ ಜನರ ಭಾಷೆಗೂ ಅಭಿರುಚಿಗೂ ಒಗ್ಗಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದ ಎಣಿಸುತ್ತಾರೆ. ವಿದ್ಯಾರ್ಥಿಯು ಕಲಿಯಬೇಕಾದ ಮೊದಲ ಪಾಠ ಇದು: ಅಚ್ಚು ಹೊರಗಿನದಾಗಿರಬಹುದು, ಹಿಟ್ಟು ಮನೆಯದಾಗಿರಬೇಕು.

ಕೆಲವು ಮುಖ್ಯ ರೂಢಿಗಳು

ಮೊದಲನೆಯದು ಬೆಳಕು. ರಹಸ್ಯಚಿತ್ರವೆಂದೊಡನೆ ಕತ್ತಲೆ, ಮಳೆ, ಮಿಂಚು ನೆನಪಿಗೆ ಬರುತ್ತವೆ. 1964ರಲ್ಲಿ ಬಂದ ‘ವೋ ಕೌನ್ ಥೀ’ ಎಂಬ ಹಿಂದೀ ಚಿತ್ರದ ಆರಂಭದಲ್ಲಿ ಮಳೆಯ ರಾತ್ರಿ ವೈದ್ಯನೊಬ್ಬನು ಕಾರು ನಡೆಸುತ್ತಿರುತ್ತಾನೆ. ಬಿಳಿಯ ಸೀರೆಯ ಸ್ತ್ರೀಯೊಬ್ಬಳು ದಾರಿಯಲ್ಲಿ ನಿಂತಿರುತ್ತಾಳೆ. ಅದು ಸೊಗಸಾದ ಆರಂಭವೇ ಸರಿ. ಆದರೆ ಜತ್ತದಲ್ಲಿ ಮಳೆಗಾಗಿ ಕಾದು ಚಿತ್ರ ತೆಗೆಯುತ್ತೇವೆಂದರೆ ವಿದ್ಯಾರ್ಥಿಯು ಶಾಲೆ ಮುಗಿಸಿ ಹೋದರೂ ಚಿತ್ರ ಮುಗಿಯಲಿಕ್ಕಿಲ್ಲ! ಅದರ ಅವಶ್ಯಕತೆಯೂ ಇಲ್ಲ. ಆಲ್ಫ್ರೆಡ್ ಹಿಚ್‌ಕಾಕ್‌ನ ‘ಸೈಕೋ’ (1960) ಹಗಲಿನಲ್ಲಿಯೇ ಆರಂಭವಾಗುತ್ತದೆ. ಊರಿನ ಹೆಸರು, ದಿನಾಂಕ, ಮಧ್ಯಾಹ್ನ 2 ಗಂಟೆ 43 ನಿಮಿಷ ಎಂಬ ವೇಳೆ, ಇವು ತೆರೆಯ ಮೇಲೆ ಮೂಡುತ್ತವೆ. ಅಷ್ಟು ಕರಾರುವಾಕ್ಕಾಗಿ ವೇಳೆಯನ್ನು ಏಕೆ ಹೇಳಿದರೆಂಬ ಶಂಕೆಯೇ ಪ್ರೇಕ್ಷಕನನ್ನು ಎಚ್ಚರಗೊಳಿಸುತ್ತದೆ. ಅದೇ ನಿರ್ದೇಶಕನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲಿ ನಾಯಕನಿಗೆ ಪ್ರಾಣಭಯ ಒದಗುವುದು ಕತ್ತಲೆಯ ಓಣಿಯಲ್ಲಲ್ಲ, ಗಿಡವಿಲ್ಲದ ಬಟ್ಟಬಯಲಿನಲ್ಲಿ, ನಡುಹಗಲಿನಲ್ಲಿ. ಅಡಗಿಕೊಳ್ಳಲು ಸ್ಥಳವಿಲ್ಲದ ಬಯಲು ಎಷ್ಟು ಭಯಂಕರವೆಂಬುದು ಅಲ್ಲಿ ಮನವರಿಕೆಯಾಗುತ್ತದೆ. ನಮ್ಮ ತಾಲೂಕಿನ ಬರಡು ದಿನ್ನೆಗಳೂ, ಗಾಳಿಯಂತ್ರಗಳ ನಿಧಾನವಾದ ನೆರಳುಗಳೂ, ಚೈತ್ರ–ವೈಶಾಖಗಳ ನಿರ್ಜನ ಮಧ್ಯಾಹ್ನವೂ ಅಂಥದೇ ಬಯಲನ್ನು ನಮಗೆ ಪುಕ್ಕಟೆಯಾಗಿ ಕೊಟ್ಟಿವೆ.

ಎರಡನೆಯದು, ಪ್ರೇಕ್ಷಕನಿಗೆ ಎಷ್ಟು ತಿಳಿಸಬೇಕೆಂಬುದು. ಇಬ್ಬರು ಮೇಜಿನ ಬಳಿ ಕುಳಿತು ಮಾತನಾಡುತ್ತಿರುವಾಗ ಕೆಳಗಿದ್ದ ಬಾಂಬು ಒಮ್ಮೆಲೇ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು ಹದಿನೈದು ಸೆಕೆಂದುಗಳ ಬೆರಗು. ಬಾಂಬು ಇದೆಯೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಕುಳಿತವರಿಗೆ ಗೊತ್ತಿಲ್ಲದಿದ್ದರೆ ದೊರೆಯುವುದು ಹದಿನೈದು ನಿಮಿಷಗಳ ತಳಮಳ — ಹೀಗೆಂದು ಹಿಚ್‌ಕಾಕ್ ವಿವರಿಸಿದ್ದಾನೆ. ನಮ್ಮ ಹಳ್ಳಿಗೆ ಬಾಂಬು ಬೇಡ. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಬಾವಿಗೆ ಬಿಡುತ್ತಾರೆ. ಜನರು ಹಗ್ಗದಿಂದ ಸೇದಿಕೊಳ್ಳುತ್ತಾರೆ. ಹಗ್ಗದ ಎಳೆಗಳು ಗಾಲಿಯ ಬಳಿ ಒಂದೊಂದಾಗಿ ಹರಿಯುತ್ತಿರುವುದನ್ನು ಪ್ರೇಕ್ಷಕನಿಗೆ ಮಾತ್ರ ತೋರಿಸಿರಿ. ಸೇದುತ್ತಿರುವ ಹುಡುಗಿಗೆ ಅದು ತಿಳಿಯದಿರಲಿ. ಸಭೆಯೆಲ್ಲ ಉಸಿರು ಬಿಗಿಹಿಡಿದು ಕೂಡುವುದು.

ಮೂರನೆಯದು ಶಬ್ದ. ಅಬ್ಬರದ ವಾದ್ಯಸಂಗೀತವಿದ್ದರೇ ಭಯ ಹುಟ್ಟುವುದೆಂಬುದು ಭ್ರಮೆ. ಹಾಡಿಲ್ಲದೆಯೂ ಕುತೂಹಲವನ್ನು ಕೊನೆಯವರೆಗೆ ಕಾಯಬಹುದೆಂಬುದನ್ನು ಹಿಂದಿಯಲ್ಲಿ ‘ಕಾನೂನ್’ (1960), ಕನ್ನಡದಲ್ಲಿ ಸುನೀಲಕುಮಾರ ದೇಸಾಯಿಯವರ ‘ತರ್ಕ’ (1989) ತೋರಿಸಿಕೊಟ್ಟವು. ಬಾಗಿಲಿನ ಕಿರುಗುಟ್ಟುವಿಕೆ, ಖಾಲಿ ಕೊಡದ ಸದ್ದು, ಒಮ್ಮೆಲೇ ನಿಂತುಹೋದ ಮಕ್ಕಳ ಗದ್ದಲ, ಇವು ಸಾಕು.

ಒಂದು ಉತ್ತಮ ಉದಾಹರಣೆ

ಈ ಮೂರೂ ರೂಢಿಗಳು ಒಂದೆಡೆ ಕೂಡಿಬಂದಿರುವ ಆರಂಭವೊಂದನ್ನು ನೋಡಬೇಕೆಂದರೆ, ಜರ್ಮನಿಯ ಫ್ರಿಟ್ಸ್ ಲಾಂಗ್ ಎಂಬ ನಿರ್ದೇಶಕನು 1931ರಲ್ಲಿ ತೆಗೆದ ‘ಎಮ್’ ಎಂಬ ಚಿತ್ರವನ್ನು ನೋಡಬೇಕು. ಮಕ್ಕಳನ್ನು ಕೊಲ್ಲುವವನೊಬ್ಬನು ನಗರದಲ್ಲಿ ಅಲೆಯುತ್ತಿದ್ದಾನೆ, ಇದು ಕಥೆ. ಆರಂಭದಲ್ಲಿ ಅಂಗಳದ ಮಕ್ಕಳು ವರ್ತುಲಾಕಾರವಾಗಿ ನಿಂತು ಆ ಕೊಲೆಗಾರನ ಹೆಸರಿನಲ್ಲಿಯೇ ಎಣಿಕೆಯ ಆಟವಾಡುತ್ತಾರೆ. ತಾಯಿಯೊಬ್ಬಳು ಬಟ್ಟೆ ಒಗೆಯುತ್ತ ಮಗಳ ದಾರಿ ಕಾಯುತ್ತಿದ್ದಾಳೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಶಾಲೆ ಬಿಟ್ಟ ಹುಡುಗಿ ಚೆಂಡನ್ನು ಕಂಬದ ಮೇಲಿನ ಒಂದು ಪ್ರಕಟನೆಗೆ ಬಡಿಯುತ್ತ ಆಡುತ್ತಾಳೆ. ಅದು ಕೊಲೆಗಾರನ ಸುಳಿವು ಕೊಟ್ಟವರಿಗೆ ಬಹುಮಾನವೆಂಬ ಪ್ರಕಟನೆ. ಅದರ ಮೇಲೆ ಒಬ್ಬನ ನೆರಳು ಬೀಳುತ್ತದೆ. ಅವನು ಸಿಳ್ಳು ಹಾಕುತ್ತ, ಕುರುಡ ವ್ಯಾಪಾರಿಯಿಂದ ಅವಳಿಗೆ ಬಲೂನನ್ನು ಕೊಡಿಸುತ್ತಾನೆ. ಅನಂತರ ನಮಗೆ ಕಾಣುವುದು ಖಾಲಿ ಮೆಟ್ಟಿಲು, ಊಟದ ಮೇಜಿನ ಮೇಲೆ ಖಾಲಿ ತಟ್ಟೆ, ಹುಲ್ಲಿನಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿದ ಬಲೂನು. ಅಷ್ಟೇ.

ಕೊಲೆಯನ್ನು ತೋರಿಸಿಲ್ಲ, ರಕ್ತದ ಒಂದು ಹನಿಯೂ ಇಲ್ಲ. ಹಿನ್ನೆಲೆಯ ವಾದ್ಯಸಂಗೀತವಿಲ್ಲ, ಇರುವುದು ಒಂದು ಸಿಳ್ಳು ಮಾತ್ರ. ಆ ಸಿಳ್ಳಿನಿಂದಲೇ ಮುಂದೆ ಕುರುಡ ವ್ಯಾಪಾರಿಯು ಅಪರಾಧಿಯನ್ನು ಗುರುತಿಸುತ್ತಾನೆ. ಎಂದರೆ, ಆರಂಭದಲ್ಲಿ ಇಟ್ಟ ವಸ್ತು ಅಲಂಕಾರಕ್ಕಾಗಿ ಇಟ್ಟುದಲ್ಲ. ಕಥೆಯ ಬೀಗವನ್ನು ತೆರೆಯುವ ಕೀಲಿಕೈಯೇ ಅದು. ಚೆಂಡು, ತಟ್ಟೆ, ಕಂಬ, ನೆರಳು — ಇವುಗಳಲ್ಲಿ ನಮ್ಮ ಹಳ್ಳಿಯಲ್ಲಿ ದೊರೆಯದ್ದು ಯಾವುದು?

ಅಪರಿಚಿತನ ಪ್ರಶ್ನೆ

ಅದೇ ಚಿತ್ರದಲ್ಲಿ ಇನ್ನೊಂದು ಚಿಕ್ಕ ಪ್ರಸಂಗವಿದೆ. ಭಯಗೊಂಡ ನಗರದ ಬೀದಿಯಲ್ಲಿ ಸಾಧುಸ್ವಭಾವದ ಒಬ್ಬ ಮುದುಕನು ಚಿಕ್ಕ ಹುಡುಗಿಗೆ ವೇಳೆ ಎಷ್ಟೆಂದು ಹೇಳುತ್ತಾನೆ. ಅಷ್ಟಕ್ಕೇ ದಾರಿಹೋಕರು ಅವನನ್ನು ಮುತ್ತಿ, ಇವನೇ ಕೊಲೆಗಾರನೆಂದು ಕೂಗುತ್ತಾರೆ. ಅಪರಿಚಿತನ ಮೇಲೆ ಸಂಶಯ ಹುಟ್ಟಿಸುವುದು ರಹಸ್ಯಕಥೆಯ ಅತ್ಯಂತ ಹಳೆಯ ರೂಢಿ. 1978ರಲ್ಲಿ ಕಾಶೀನಾಥರ ಕನ್ನಡ ರಹಸ್ಯಚಿತ್ರವೊಂದರ ಹೆಸರೇ ‘ಅಪರಿಚಿತ’. ಆದರೆ ಆ ರೂಢಿಯನ್ನು ಬಳಸಿಕೊಂಡ ಲಾಂಗನೇ, ಅದು ನಿಜಜೀವನಕ್ಕೆ ಇಳಿದಾಗ ಎಂಥ ಅನರ್ಥ ಮಾಡುವುದೆಂಬುದನ್ನೂ ತೋರಿಸಿದ್ದಾನೆ.

ಇದು ದೂರದ ಮಾತಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಗೆ ಐವರು ಅಲೆಮಾರಿ ಭಿಕ್ಷುಕರು ಬಲಿಯಾದರು. 2022ರ ಸೆಪ್ಟೆಂಬರದಲ್ಲಿ ನಮ್ಮ ತಾಲೂಕಿನ ಲವಂಗಾ ಗ್ರಾಮದಲ್ಲಿಯೇ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಒಬ್ಬ ಹುಡುಗನನ್ನು ದಾರಿ ಕೇಳಿದರು. ಮಕ್ಕಳ ಕಳ್ಳರೆಂಬ ಸಂಶಯದಿಂದ ಜನರು ಅವರನ್ನು ಹೊಡೆದರು. ಪೋಲೀಸರ ವಿಚಾರಣೆಯಲ್ಲಿ ಅವರು ನಿಜವಾದ ಸಾಧುಗಳೆಂಬುದು ಸ್ಪಷ್ಟವಾಯಿತು. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೂ ಪಂಢರಪುರದ ವಿಠ್ಠಲನ ದರ್ಶನಕ್ಕೂ ಹೋಗುವ ಯಾತ್ರಿಕರು ಹಾದುಹೋಗುವ ನಾಡು ನಮ್ಮದು. ಇಲ್ಲಿ ದಾರಿ ಕೇಳುವವನು ಸಂಶಯಾಸ್ಪದನಲ್ಲ, ಅತಿಥಿ.

ಹಾಗಾದರೆ ಅಪರಿಚಿತನ ರೂಢಿಯನ್ನು ಬಿಟ್ಟೇಬಿಡಬೇಕೇ? ಬಿಡಬೇಕಾಗಿಲ್ಲ. ಪ್ರೇಕ್ಷಕನ ಸಂಶಯವನ್ನು ಅಪರಿಚಿತನತ್ತ ಎಳೆದು, ಕೊನೆಗೆ ಆ ಸಂಶಯವೇ ತಪ್ಪೆಂದು ತೋರಿಸುವ ಕಥೆಯು, ನಾಲ್ಕು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಏಕೆಂದರೆ ತಪ್ಪಿದವನು ತೆರೆಯ ಮೇಲಿನ ಪಾತ್ರವಷ್ಟೇ ಅಲ್ಲ, ನೋಡುತ್ತ ಕುಳಿತವನೂ ಆಗಿರುತ್ತಾನೆ.

ಒಂದು ಮಾದರಿ

ಈ ತತ್ವಕ್ಕನುಸಾರವಾಗಿ ಎರಡು ನಿಮಿಷಗಳ, ಎಂದರೆ 120 ಸೆಕೆಂದುಗಳ, ಒಂದು ಆರಂಭವನ್ನು ಕೆಳಗೆ ಕೊಟ್ಟಿದ್ದೇವೆ. ಕ್ಯಾಮರಾ ಒಮ್ಮೆ ಆರಂಭವಾಗಿ ನಿಲ್ಲುವವರೆಗಿನ ತುಣುಕಿಗೆ ಶಾಟ್ ಎನ್ನುತ್ತಾರೆ. ಒಂದೊಂದು ಹಂತದಲ್ಲಿ ಎರಡು ಮೂರು ಶಾಟುಗಳಿರಬಹುದು. ಕಾಲ: ಕಬ್ಬು ಕಡಿಯುವ ಹಂಗಾಮು. ದುಡಿಯುವವರು ಮನೆಗೆ ಬೀಗ ಹಾಕಿ ಕಾರಖಾನೆಗಳ ಕಡೆಗೆ ಹೋಗಿದ್ದಾರೆ.

1. ಹದಿನೈದು ಸೆಕೆಂದು: ಮಧ್ಯಾಹ್ನದ ನಿರ್ಜನ ಓಣಿ, ಗಾಳಿಯ ಸದ್ದು. ತೆರೆಯ ಮೇಲೆ ವಾರ ಮತ್ತು ವೇಳೆ.

2. ಇಪ್ಪತ್ತು ಸೆಕೆಂದು: ಸಾಲಾಗಿ ಮೂರು ಬೀಗಗಳು. ಎರಡರ ಮೇಲೆ ಧೂಳು. ಮೂರನೆಯದರ ಮೇಲೆ ಧೂಳಿಲ್ಲ.

3. ಇಪ್ಪತ್ತು ಸೆಕೆಂದು: ಶಾಲೆಯಿಂದ ಬರುವ ಹುಡುಗಿಯ ಕಾಲುಗಳು, ಚಪ್ಪಲಿಯ ಸದ್ದು. ಮೂರನೆಯ ಬಾಗಿಲ ಬಳಿ ಸದ್ದು ನಿಲ್ಲುತ್ತದೆ.

4. ಹದಿನೈದು ಸೆಕೆಂದು: ಅವಳ ಮುಖ. ಬೀಗ ಹಾಕಿದ ಮನೆಯೊಳಗಿಂದ ಪಾತ್ರೆಯ ಸಪ್ಪಳ.

5. ಇಪ್ಪತ್ತು ಸೆಕೆಂದು: ಬಾಗಿಲಿನ ಮೇಲೆ ಒಂದು ನೆರಳು, ಕೋಲು, ಜೋಳಿಗೆ. “ಗುಡ್ಡಾಪುರಕ್ಕೆ ದಾರಿ ಯಾವುದವ್ವಾ?” ಎಂಬ ಧ್ವನಿ. ಅವಳು ಕೈ ತೋರುತ್ತಾಳೆ.

6. ಇಪ್ಪತ್ತು ಸೆಕೆಂದು: ಅವನು ಹೋಗುತ್ತಾನೆ. ಎದುರು ಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ಯಾರೋ ನೋಡುತ್ತಿದ್ದರು.

7. ಹತ್ತು ಸೆಕೆಂದು: ಮತ್ತೆ ಬೀಗ. ಕತ್ತಲೆ. ಚಿತ್ರದ ಹೆಸರು.

ಇಲ್ಲಿ ಹುಟ್ಟಿದ ಪ್ರಶ್ನೆಗಳು ಮೂರು: ಒಳಗಿರುವವರು ಯಾರು? ಬಂದವನು ಯಾರು? ನೋಡಿದವರು ಯಾರು? ಪ್ರೇಕ್ಷಕನು ರೂಢಿಯ ಬಲದಿಂದ ಎರಡನೆಯ ಪ್ರಶ್ನೆಗೆ ಅಂಟಿಕೊಳ್ಳುವನು. ಕಥೆಯ ಸತ್ಯವು ಮೊದಲನೆಯದರಲ್ಲೂ ಮೂರನೆಯದರಲ್ಲೂ ಇರಲಿ. ಈ ಮೂರಕ್ಕೂ ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಕ್ಯಾಮರಾ ಕೈಗೆತ್ತಿಕೊಳ್ಳಿರಿ. ಉತ್ತರ ಗೊತ್ತಿಲ್ಲದವನು ಒಡ್ಡಿದ ಒಗಟು ಒಗಟಲ್ಲ, ಮೋಸ.

ಕೆಲವು ಎಚ್ಚರಿಕೆಗಳು

ಬಾವಿಯ ದಂಡೆಯ ಮೇಲೆ ಯಾರನ್ನೂ ನಿಲ್ಲಿಸಿ ಚಿತ್ರ ತೆಗೆಯಬಾರದು. ಹಗ್ಗ ಮತ್ತು ಗಾಲಿಯನ್ನು ಹಿರಿಯರ ಸಮ್ಮುಖದಲ್ಲಿ ಬೇರೆಯಾಗಿಯೂ ಹುಡುಗಿಯ ಮುಖವನ್ನು ಶಾಲೆಯ ಅಂಗಳದಲ್ಲಿಯೂ ತೆಗೆದು ಜೋಡಿಸಿದರೆ, ಪ್ರೇಕ್ಷಕನ ಮನಸ್ಸೇ ಅವೆರಡನ್ನು ಒಂದುಗೂಡಿಸುತ್ತದೆ. ಸಂಕಲನ ಕಲೆಯ ಮಹಿಮೆಯೇ ಅದು. ಪರರ ಮನೆಯ ಬೀಗವನ್ನು ತೋರಿಸುವ ಮೊದಲು ಮನೆಯವರ ಅನುಮತಿಯನ್ನು ಪಡೆಯಬೇಕು. ಖಳನ ವೇಷಕ್ಕೆ ಯಾವುದೇ ಜಾತಿಯ, ಪಂಥದ, ಕಸುಬಿನ ಉಡುಪನ್ನು ಗುರುತಾಗಿ ಬಳಸಬಾರದು. ಮುಖ್ಯವಾಗಿ, ಚಿತ್ರದ ತುಣುಕನ್ನು ಹೆಸರಿಲ್ಲದೆ ಮೊಬೈಲಿನಲ್ಲಿ ಹರಿಯಬಿಡಬಾರದು. ಆಟಕ್ಕಾಗಿ ತೆಗೆದ ಜೋಳಿಗೆಯವನ ಚಿತ್ರವು ಪಕ್ಕದ ಊರಿನಲ್ಲಿ ನಿಜವಾದ ಸುದ್ದಿಯಾಗಿ ಓಡಿದರೆ, ಅದರ ಪರಿಣಾಮವನ್ನು ತಡೆಯುವವರು ಯಾರು? ಪ್ರತಿಯೊಂದು ತುಣುಕಿನ ಮೇಲೆಯೂ ಇದು ವಿದ್ಯಾರ್ಥಿಗಳ ಕಾಲ್ಪನಿಕ ಚಿತ್ರವೆಂಬ ಒಕ್ಕಣೆ ಇರತಕ್ಕದ್ದು.

ವಿದ್ಯಾರ್ಥಿಗಳೇ, ಹೆದರಿಸುವುದು ಕಷ್ಟದ ಕೆಲಸವಲ್ಲ. ಹೆದರಿಕೆಯನ್ನು ಹುಟ್ಟಿಸಿ, ಅದನ್ನು ವಿವೇಕದ ದಡಕ್ಕೆ ಮುಟ್ಟಿಸುವುದು ಕಷ್ಟ. ರೂಢಿಯನ್ನು ಕಲಿಯಿರಿ, ಬಳಸಿರಿ. ಅದು ನಿಮ್ಮನ್ನು ಬಳಸಿಕೊಳ್ಳದಂತೆ ಎಚ್ಚರವಾಗಿರಿ. ನಿಮ್ಮ ಚಿತ್ರವನ್ನು ನೋಡಿ ಮನೆಗೆ ಹೋದವನು ಮರುದಿನ ಓಣಿಯಲ್ಲಿ ದಾರಿ ಕೇಳಿದ ಅಪರಿಚಿತನಿಗೆ ಒಂದು ತಂಬಿಗೆ ನೀರು ಕೊಟ್ಟು ದಾರಿ ತೋರಿಸಿದನೆಂದರೆ, ನಿಮ್ಮ ಎರಡು ನಿಮಿಷಗಳ ಶ್ರಮ ಸಾರ್ಥಕವಾಯಿತೆಂದೇ ನಾವು ತಿಳಿಯುತ್ತೇವೆ.