ಚರ್ಮದ ಲೂಪಸ್ ಇರುವವರ ಗಮನಕ್ಕೆ: ರಕ್ತದ ರಿಪೋರ್ಟ್ ಕೈಗೆ ಬಂದಾಗ

ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳ ರಿಪೋರ್ಟ್ ನೋಡಿ ನೀವೇ ತೀರ್ಮಾನಕ್ಕೆ ಬರುವ ಮೊದಲು, ಮನೆಯವರನ್ನೂ ಕೂರಿಸಿಕೊಂಡು ಇದನ್ನು ಓದಿ.

ಮಾಡಬಾರದ್ದು

ಎರಡೂ ನಾರ್ಮಲ್ ಬಂತೆಂದು ಔಷಧ ನಿಲ್ಲಿಸಬೇಡಿ. ಚರ್ಮದ ಲೂಪಸ್‌ನ ಒಂದು ಬಗೆಯಾದ ಡಿಸ್ಕಾಯ್ಡ್ ಲೂಪಸ್‌ನಲ್ಲಿ ಉರಿಯೂತ ಬಹುಪಾಲು ಚರ್ಮದಲ್ಲೇ ಇರುತ್ತದೆ, ರಕ್ತದಲ್ಲಿ ಅದರ ಸುಳಿವೇ ಸಿಗದಿರಬಹುದು. ರಿಪೋರ್ಟ್ ಚೆನ್ನಾಗಿದೆ ಎಂದು ಸುಮ್ಮನಿದ್ದರೆ ನೆತ್ತಿಯ ಮೇಲಿನ ಕಲೆ ಒಳಗೊಳಗೇ ಗಟ್ಟಿಯಾಗಿ, ಅಲ್ಲಿ ಮತ್ತೆ ಕೂದಲು ಹುಟ್ಟುವುದೇ ಇಲ್ಲ.

ಇಎಸ್‌ಆರ್ ಏರಿದೆ ಎಂದು ಹೆದರಿ, ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಮಾತ್ರೆ ತರಬೇಡಿ. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ರಕ್ತಕಣಗಳು 1 ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಲೆಕ್ಕವೇ ಇಎಸ್‌ಆರ್. ರಕ್ತಹೀನತೆ, ಬಸಿರು, ವಯಸ್ಸು, ಸೋಂಕು ಇವೂ ಅದನ್ನು ಏರಿಸುತ್ತವೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು ಮರೆಯಬೇಡಿ.

ಲೂಪಸ್ ಪತ್ತೆಗೆ ಮಾಡಿಸುವ ಎಎನ್‌ಎ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದ ಮೇಲೆ ಪದೇ ಪದೇ ಮಾಡಿಸಬೇಡಿ. ಕಾಯಿಲೆ ಹೆಚ್ಚಿತೋ ತಗ್ಗಿತೋ ಅದು ಹೇಳುವುದಿಲ್ಲ, ದುಡ್ಡು ದಂಡ.

ಬೀಡಿ, ಸಿಗರೇಟು ಬೇಡವೇ ಬೇಡ.

ಮಾಡಬೇಕಾದ್ದು

ಸಿಆರ್‌ಪಿ ಜೋರಾಗಿ ಏರಿ ಜ್ವರವೂ ಇದ್ದರೆ ಅಂದೇ ವೈದ್ಯರನ್ನು ಕಾಣಿ. ಲೂಪಸ್ ಕೆರಳಿದಾಗಲೂ ಸಿಆರ್‌ಪಿ ಸಾಮಾನ್ಯವಾಗಿ ಅಷ್ಟೇನೂ ಏರುವುದಿಲ್ಲ. ಹಾಗಾಗಿ ಅದು ಏರಿದರೆ ಮೊದಲು ಹುಡುಕಬೇಕಾದದ್ದು ಸೋಂಕನ್ನು. ಕೀಲುಗಳ ಊತ, ಶ್ವಾಸಕೋಶ ಅಥವಾ ಹೃದಯದ ಪೊರೆಯ ಉರಿಯೂತದಲ್ಲೂ ಅದು ಏರುವುದುಂಟು. ಯಾವುದೆಂದು ಹೇಳಬೇಕಾದವರು ವೈದ್ಯರು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ನಾಳೆ ನೋಡೋಣ ಎನ್ನಲೇಬಾರದು.

ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆಗೆ ಕೊಡಿ, ಬಿಪಿ ನೋಡಿಸಿ. ಚರ್ಮದಲ್ಲಿ ಶುರುವಾದ ಲೂಪಸ್ ಕೆಲವರಲ್ಲಿ ಮೂತ್ರಪಿಂಡಕ್ಕೂ ಹೋಗುತ್ತದೆ, ಹಾಗಾದಾಗ ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಕಂಡರೆ, ರಕ್ತದಲ್ಲಿ ಸಿ3, ಸಿ4 ಎಂಬ ಪ್ರೋಟೀನ್‌ಗಳು ಇಳಿದರೆ, ಡಿಎಸ್‌ಡಿಎನ್‌ಎ ಪ್ರತಿಕಾಯ ಏರಿದರೆ ಇಎಸ್‌ಆರ್‌ಗಿಂತ ಅದಕ್ಕೇ ಹೆಚ್ಚು ಬೆಲೆ ಕೊಡಿ.

ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯ ಪಾಸಿಟಿವ್ ಇರುವ ಹೆಣ್ಣುಮಕ್ಕಳು ಬಸಿರಿಗೆ ಮೊದಲೇ ವೈದ್ಯರಿಗೆ ಹೇಳಬೇಕು. ಈ ಪ್ರತಿಕಾಯ ಮಗುವಿನ ಹೃದಯ ಬಡಿತವನ್ನು ಬಾಧಿಸಬಲ್ಲದು. ಹಾಗಾಗುವುದು ಅಪರೂಪ, ಆದರೆ ಮೊದಲೇ ಗೊತ್ತಿದ್ದರೆ ನಿಗಾ ಇಡಬಹುದು.

ಚರ್ಮವನ್ನು ಕಣ್ಣಾರೆ ನೋಡಿ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಕೆನ್ನೆ, ನೆತ್ತಿ, ಕಿವಿಯ ಗುಳಿಗಳ ಫೋಟೋ ತೆಗೆದಿಡಿ. ಕಿವಿಯ ಗುಳಿಯನ್ನು ಯಾರೂ ನೋಡಿಕೊಳ್ಳುವುದಿಲ್ಲ. ಡಿಸ್ಕಾಯ್ಡ್ ಕಲೆಗೆ ಅದು ಇಷ್ಟದ ಜಾಗ. ಕಲೆಯ ಅಂಚು ಕೆಂಪಾಗಿದೆಯೇ, ಹೊಟ್ಟು ಏಳುತ್ತಿದೆಯೇ ಎಂದು ಗಮನಿಸಿ ವೈದ್ಯರಿಗೆ ತೋರಿಸಿ. ವೈದ್ಯರೂ ಚರ್ಮದ ಲೂಪಸ್ಸನ್ನು ಅಳೆಯುವುದು ಮುಖ್ಯವಾಗಿ ಹೀಗೆಯೇ.

ಬಿಸಿಲಿಗೆ ಕೊಡೆ, ತುಂಬು ತೋಳು, ಸನ್‌ಸ್ಕ್ರೀನ್ ತಪ್ಪಿಸಬೇಡಿ. ಲೂಪಸ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗುವವರು ವೈದ್ಯರು ಹೇಳಿದ ಸಮಯಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಿ.

ಹೊಸ ಕಲೆ ಕಂಡಿತೇ? ಮುಂದಿನ ರಕ್ತ ಪರೀಕ್ಷೆಯವರೆಗೆ ಕಾಯಬೇಡಿ, ಈ ವಾರವೇ ಚರ್ಮರೋಗ ತಜ್ಞರಿಗೆ ತೋರಿಸಿ.